ಹದಿಹರೆಯದ ಆರೋಗ್ಯ ಸಮೀಕ್ಷೆ: ಕಾಗದದಿಂದ ಪರದೆಗೆ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆಗಾಲದ ಬೆಳಗು ಒಂದು ಅಳತೆಯೊಂದಿಗೆ ಆರಂಭವಾಗುತ್ತದೆ. ಅಂಗಳದ ಮಳೆಮಾಪಕದಲ್ಲಿ ರಾತ್ರಿಯಿಡೀ ಸಂಗ್ರಹವಾದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಇಷ್ಟು ಇಂಚು, ಇಷ್ಟು ಸೆಂಟು ಎಂದು ಡೈರಿಯಲ್ಲಿ ಬರೆದಿಡುತ್ತಾರೆ. ಇಂಚಿನ ನೂರನೇ ಒಂದು ಭಾಗವೇ ಸೆಂಟು. ಅಜ್ಜನ ಕಾಲದ ಮಳೆ ಡೈರಿಗಳನ್ನು ಜೋಪಾನವಾಗಿಟ್ಟ ಮನೆಗಳೂ ಇವೆ. ಹಳೆಯ ಮಾಪಕ ತುಕ್ಕು ಹಿಡಿದು ಹೊಸದನ್ನು ತಂದರೆ, ತಿಳಿದ ತೋಟಗಾರ ಹಳೆಯದನ್ನು ಕೂಡಲೇ ಎಸೆಯುವುದಿಲ್ಲ. ಒಂದು ಮಳೆಗಾಲ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆಯುತ್ತಾನೆ. ಹಾಗೆ ಮಾಡದಿದ್ದರೆ, ಮುಂದೆ ಡೈರಿಯಲ್ಲಿ ಮಳೆ ಕಡಿಮೆಯಾದಂತೆ ಕಂಡಾಗ ಕಡಿಮೆಯಾದದ್ದು ಮಳೆಯೋ ಅಥವಾ ಬದಲಾದದ್ದು ಮಾಪಕವೋ ಎಂದು ಹೇಳಲು ಬರುವುದಿಲ್ಲ.

ಮನುಷ್ಯರ ಆರೋಗ್ಯವನ್ನು ಅಳೆಯುವಾಗಲೂ ಇದೇ ತೊಡಕು ಎದುರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಹದಿಹರೆಯದವರೆಂದು ಪರಿಗಣಿಸುತ್ತದೆ. ಇವರು ಬೆಳಗಿನ ಉಪಾಹಾರ ತಿನ್ನುತ್ತಾರೆಯೇ? ತಂಬಾಕು ಮುಟ್ಟಿದ್ದಾರೆಯೇ? ಮನಸ್ಸು ಕುಗ್ಗಿದಾಗ ಯಾರೊಡನೆ ಮಾತನಾಡುತ್ತಾರೆ? ಇವನ್ನು ತಿಳಿಯಬೇಕಾದರೆ ಅವರನ್ನೇ ಕೇಳಬೇಕು. ಕೇಳುವ ಸಾಧನ ಮೊದಲು ಕಾಗದವಾಗಿತ್ತು. ಈಗ ಟ್ಯಾಬ್ಲೆಟ್, ಮೊಬೈಲ್ ಮತ್ತು ಅಂತರಜಾಲ ಬಂದಿವೆ. ಸಾಧನ ಬದಲಾದರೆ ಉತ್ತರವೂ ಬದಲಾಗುತ್ತದೆಯೇ? ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ.

ನಮ್ಮದೇ ಒಂದು ತಪ್ಪು

ಮೊದಲು ಒಂದು ಸ್ವಂತ ಅನುಭವ. ಹಲವು ವರ್ಷಗಳ ಹಿಂದೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವೊಂದರಲ್ಲಿ ನಾವು ಕೆಲವು ಅಧ್ಯಾಪಕರು ಹತ್ತಿರದ ಪ್ರೌಢಶಾಲೆಯ ಮಕ್ಕಳ ಆರೋಗ್ಯ ಸಮೀಕ್ಷೆ ನಡೆಸಿದೆವು. ಚಕ್ಕೆಯಚ್ಚಿನ ಪ್ರಶ್ನಾವಳಿ, ಮೇಲ್ಗಡೆ ಹೆಸರು ಮತ್ತು ಕ್ರಮಸಂಖ್ಯೆ. ತುಂಬಿದ ಹಾಳೆಗಳನ್ನು ಸಂಗ್ರಹಿಸಿದವರು ತರಗತಿಯ ಶಿಕ್ಷಕರೇ. ಫಲಿತಾಂಶ ನೋಡಿ ಸಂತೋಷವಾಯಿತು. ಎಲ್ಲರೂ ಬೆಳಗ್ಗೆ ತಿಂಡಿ ತಿಂದು ಬರುತ್ತಾರೆ, ಯಾರಿಗೂ ಯಾವ ಚಿಂತೆಯೂ ಇಲ್ಲ! ಅದನ್ನು ವರದಿಯಲ್ಲಿ ಬರೆದೂಬಿಟ್ಟೆವು. ಶಿಬಿರದ ಕೊನೆಯ ದಿನ, ಅಡುಗೆ ಮನೆಯಲ್ಲಿ ನೆರವಾಗುತ್ತಿದ್ದ ಹುಡುಗಿಯೊಬ್ಬಳು ನಮ್ಮ ವಿದ್ಯಾರ್ಥಿನಿಯರ ಬಳಿ ಹೇಳಿದಳಂತೆ: "ತಿಂಡಿ ಇಲ್ಲ ಎಂದು ಬರೆದರೆ ಸರ್ ಅಮ್ಮನನ್ನು ಕರೆಸುತ್ತಾರೆ ಅಕ್ಕಾ." ಆಕೆಯ ತಾಯಿ ನಸುಕಿನಲ್ಲೇ ತೋಟದ ಕೆಲಸಕ್ಕೆ ಹೊರಡುವವರು. ಮಗಳು ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದಳು. ನಮ್ಮ ವರದಿಯಲ್ಲಿ ಅವಳು ತಿಂಡಿ ತಿಂದವಳಾಗಿದ್ದಳು.

ಪ್ರಯೋಗಶಾಲೆಯಲ್ಲಿ ಶೂನ್ಯ ದೋಷವಿರುವ ವರ್ನಿಯರ್ ಕ್ಯಾಲಿಪರ್ ಹಿಡಿದು ನೂರು ಸಲ ಅಳೆದರೂ ಉತ್ತರ ಸರಿಯಾಗುವುದಿಲ್ಲ ಎಂದು ಪಾಠ ಹೇಳುವ ನನಗೆ, ಪ್ರಶ್ನಾವಳಿಯಲ್ಲೂ ಶೂನ್ಯ ದೋಷವಿರುತ್ತದೆ ಎಂದು ತಿಳಿದದ್ದು ಆ ದಿನ.

ಕೇಳದೆಯೇ ಅಳೆದ ಕಾಲ

ಮಕ್ಕಳ ಆರೋಗ್ಯವನ್ನು ಒಂದೂ ಪ್ರಶ್ನೆ ಕೇಳದೆ ಅಳೆಯುವ ವಿಧಾನ ನಮ್ಮ ದೇಶದಲ್ಲಿ 19ನೇ ಶತಮಾನದಲ್ಲೇ ಇತ್ತು. ಉತ್ತರ ಭಾರತದ ಕಾಲುವೆ ಪ್ರದೇಶಗಳಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಡೆಂಪ್‌ಸ್ಟರ್ ಎಂಬ ವೈದ್ಯರು 1840ರ ದಶಕದಲ್ಲಿ ಹಳ್ಳಿಗರ ಹೊಟ್ಟೆ ಮುಟ್ಟಿ, ಗುಲ್ಮ ಊದಿಕೊಂಡವರನ್ನು ಎಣಿಸಿದರು. ಮುಂದೆ ಮಕ್ಕಳ 'ಗುಲ್ಮ ದರ' ಮಲೇರಿಯಾದ ಅಳತೆಗೋಲಾಗಿ ಜಗತ್ತಿನೆಲ್ಲೆಡೆ ಬಳಕೆಗೆ ಬಂತು. ಮಗು ಏನು ಹೇಳುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ. ವೈದ್ಯರ ಬೆರಳು ಹೇಳಿದ್ದೇ ಉತ್ತರ.

ಕೊಡಗು 1834ರಲ್ಲಿ ಬ್ರಿಟಿಷರ ಆಳ್ವಿಕೆಗೆ ಸೇರಿತು. ರಿಕ್ಟರ್ ಅವರ 'ಮ್ಯಾನ್ಯುಯಲ್ ಆಫ್ ಕೂರ್ಗ್' 1870ರಲ್ಲಿ ಪ್ರಕಟವಾಯಿತು. ಆ ಬಳಿಕ ಹತ್ತು ವರ್ಷಗಳಿಗೊಮ್ಮೆ ಜನಗಣತಿ ನಡೆಯತೊಡಗಿತು. 1901ರಲ್ಲಿ 1,80,607 ಇದ್ದ ಕೊಡಗಿನ ಜನಸಂಖ್ಯೆ 1931ರ ಹೊತ್ತಿಗೆ 1,63,327ಕ್ಕೆ ಇಳಿದಿತ್ತು ಎಂಬ ಗಂಭೀರ ಸಂಗತಿ ನಮಗೆ ತಿಳಿದಿರುವುದು ಈ ಗಣತಿಗಳಿಂದಲೇ. ಆದರೆ ಗಣತಿದಾರ ಮಾತನಾಡುತ್ತಿದ್ದುದು ಮನೆಯ ಯಜಮಾನನೊಡನೆ. ಹದಿನಾಲ್ಕು ವರ್ಷದ ಹುಡುಗಿಯ ವಯಸ್ಸನ್ನು ಕೂಡ ಆಕೆಯೇ ಹೇಳುತ್ತಿರಲಿಲ್ಲ. ಹಳೆಯ ಗಣತಿಗಳಲ್ಲಿ 0 ಮತ್ತು 5ರಿಂದ ಕೊನೆಗೊಳ್ಳುವ ವಯಸ್ಸುಗಳು ವಿಪರೀತ ಹೆಚ್ಚು. ಯಜಮಾನ ಅಂದಾಜಿನಲ್ಲಿ ಹದಿನೈದು ಎಂದರೆ ಹದಿನೈದು. ಹೀಗೆ ಹದಿಹರೆಯದವರು ಅಂಕಿಗಳಲ್ಲಿ ಇದ್ದರು. ಆದರೆ ಅವರ ಮಾತು ಇರಲಿಲ್ಲ.

ಭೌತವಿಜ್ಞಾನಿಯ ಪ್ರವೇಶ

ಕೇಳಿ ಪಡೆದ ಉತ್ತರದಲ್ಲೂ ದೋಷವಿರುತ್ತದೆ, ಅದನ್ನು ಅಳೆಯಬಹುದು ಎಂದು ನಮ್ಮ ದೇಶಕ್ಕೆ ಕಲಿಸಿದವರು ಒಬ್ಬ ಭೌತವಿಜ್ಞಾನಿ ಎಂಬುದು ನನಗೆ ಹೆಮ್ಮೆಯ ವಿಷಯ. ಪ್ರಶಾಂತಚಂದ್ರ ಮಹಲನೋಬಿಸ್ (1893-1972) ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನ ಕಲಿತು ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅದನ್ನೇ ಬೋಧಿಸುತ್ತಿದ್ದರು. ಕೆಲಕಾಲ ಆಲಿಪುರದ ಹವಾಮಾನ ವೀಕ್ಷಣಾಲಯದ ಹೊಣೆಯನ್ನೂ ಹೊತ್ತಿದ್ದರು. 1931ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯಲ್ಲಿ ಅವರು ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿಗಳನ್ನು ಆರಿಸಿ, ಎರಡು ಬೇರೆ ತಂಡಗಳಿಗೆ ಒಪ್ಪಿಸಿದರು. ಎರಡೂ ತಂಡಗಳ ಉತ್ತರಗಳ ನಡುವಣ ಅಂತರ ಆಕಸ್ಮಿಕಕ್ಕಿಂತ ಹೆಚ್ಚಾಗಿದ್ದರೆ, ದೋಷ ಹೊಲದಲ್ಲಿಲ್ಲ, ಅಳೆದವರಲ್ಲಿದೆ! ಎರಡು ಮಳೆಮಾಪಕಗಳನ್ನು ಪಕ್ಕಪಕ್ಕದಲ್ಲಿಡುವ ಉಪಾಯವೇ ಇದು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಇದೇ ತಳಹದಿಯಾಯಿತು.

ಕನ್ನಡ ನಾಡಿನಲ್ಲಿ ಇಂಥ ಕೆಲಸದ ಮೊದಲ ದೊಡ್ಡ ಉದಾಹರಣೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಯಾಗಿ 1951-52ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ. ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಜನನ, ಮರಣ, ಕುಟುಂಬದ ಕುರಿತ ಅಭಿಪ್ರಾಯಗಳನ್ನು ಕೇಳಲಾಯಿತು. ಇದರ ವರದಿ 1961ರಲ್ಲಿ ಪ್ರಕಟವಾಯಿತು. ಕೊಡಗು ಆಗ ಪ್ರತ್ಯೇಕ ರಾಜ್ಯ. ಅದು ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಹಾಗಾಗಿ ಅಧ್ಯಯನದ ವ್ಯಾಪ್ತಿಯಿಂದ ಅದು ಹೊರಗುಳಿಯಿತು. ಅಲ್ಲಿಯೂ ಉತ್ತರಿಸಿದವರು ವಿವಾಹಿತ ವಯಸ್ಕರೇ ಹೊರತು ಶಾಲೆಯ ಮಕ್ಕಳಲ್ಲ.

ಹದಿಹರೆಯದವರೇ ಉತ್ತರಿಸತೊಡಗಿದಾಗ

ವಿದ್ಯಾರ್ಥಿಗಳನ್ನು ನೇರವಾಗಿ ಕೇಳುವ ಪದ್ಧತಿ 1970ರ ದಶಕದಿಂದೀಚಿನದು. ಅಮೆರಿಕದಲ್ಲಿ 1975ರಲ್ಲಿ 'ಮಾನಿಟರಿಂಗ್ ದ ಫ್ಯೂಚರ್' ಎಂಬ ವಾರ್ಷಿಕ ಸಮೀಕ್ಷೆ ಆರಂಭವಾಯಿತು. ಇಂಗ್ಲೆಂಡ್, ಫಿನ್‌ಲೆಂಡ್ ಮತ್ತು ನಾರ್ವೆಯ ಸಂಶೋಧಕರು 1982ರಲ್ಲಿ ಒಟ್ಟುಗೂಡಿ, 1983-84ರಲ್ಲಿ ಶಾಲಾ ಮಕ್ಕಳ ಆರೋಗ್ಯ ವರ್ತನೆಯ ಮೊದಲ ಅಂತರರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಿದರು. 1999ರಲ್ಲಿ ಜಾಗತಿಕ ಯುವ ತಂಬಾಕು ಸಮೀಕ್ಷೆ ಬಂತು. ಭಾರತದಲ್ಲಿ 2007ರಲ್ಲಿ ಸಿಬಿಎಸ್‌ಇ ಶಾಲೆಗಳ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಜಾಗತಿಕ ಶಾಲಾ ಆರೋಗ್ಯ ಸಮೀಕ್ಷೆ ನಡೆಯಿತು. ರಾಜ್ಯ ಪಠ್ಯಕ್ರಮದ ಶಾಲೆಗಳ ಮಕ್ಕಳು ಇದರಲ್ಲಿ ಸೇರಿರಲಿಲ್ಲ ಎಂಬುದನ್ನು ಗಮನಿಸಬೇಕು.

ಈ ಸಮೀಕ್ಷೆಗಳ ಮೂಲ ವಿಧಾನ ಒಂದೇ ಬಗೆಯದು. ಹೆಸರು ಬರೆಯುವಂತಿಲ್ಲ. ಶಿಕ್ಷಕರು ಮಕ್ಕಳ ನಡುವೆ ಓಡಾಡುವಂತಿಲ್ಲ. ಉತ್ತರವೆಂದರೆ ಹಾಳೆಯ ಮೇಲೆ ಕಪ್ಪು ಮಾಡಿದ ಒಂದು ವೃತ್ತ. ಬರವಣಿಗೆಯ ಶೈಲಿಯಿಂದಲೂ ಯಾರೆಂದು ಗುರುತಿಸಲಾಗದು. ಕಾಗದಕ್ಕೆ ನೆನಪಿನ ಶಕ್ತಿಯಿಲ್ಲ. ಯಾವ ಮೊಬೈಲಿನಿಂದ ಬಂತು, ಎಷ್ಟು ಗಂಟೆಗೆ ಬಂತು ಎಂಬುದು ಅದಕ್ಕೆ ತಿಳಿಯದು. ಹದಿಹರೆಯದವರು ಕಾಗದವನ್ನು ನಂಬಿದ್ದರೆ ಅದಕ್ಕೆ ಕಾರಣವಿಷ್ಟೆ.

ಸೂಕ್ಷ್ಮ ಪ್ರಶ್ನೆಗಳಿಗೆ ಇನ್ನೂ ಹೆಚ್ಚಿನ ಮರೆ ಬೇಕಾಗುತ್ತದೆ. 2006-07ರಲ್ಲಿ ದೇಶದ ಆರು ರಾಜ್ಯಗಳಲ್ಲಿ ನಡೆದ ಯುವಜನರ ಅಧ್ಯಯನದಲ್ಲಿ ಸಂದರ್ಶಕರು ಪ್ರಶ್ನೆ ಕೇಳಿದ ನಂತರ, ಅತಿ ಸೂಕ್ಷ್ಮವಾದ ಒಂದು ಪ್ರಶ್ನೆಗೆ ಚೀಟಿಯಲ್ಲಿ ಗುರುತು ಹಾಕಿ ಲಕೋಟೆಯೊಳಗೆ ಮುಚ್ಚಿಕೊಡುವ ಅವಕಾಶವನ್ನೂ ನೀಡಿದರು. ಕರ್ನಾಟಕದಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮಗಳ ಮೌಲ್ಯಮಾಪನಕ್ಕೆ 'ಮತಗಟ್ಟೆ ಸಮೀಕ್ಷೆ' ಎಂಬ ವಿಧಾನವನ್ನು ಬಳಸಲಾಯಿತು. ಹತ್ತು ಹನ್ನೆರಡು ಮಂದಿ ಒಂದೇ ಕೋಣೆಯಲ್ಲಿ, ಒಬ್ಬೊಬ್ಬರೂ ಒಂದೊಂದು ರಟ್ಟಿನ ಮರೆಯ ಹಿಂದೆ ಕೂರುತ್ತಾರೆ. ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಓದಲಾಗುತ್ತದೆ. ಹೌದು, ಅಲ್ಲ ಎಂಬುದಕ್ಕೆ ಬೇರೆ ಬೇರೆ ಬಣ್ಣದ ಪೆಟ್ಟಿಗೆಗಳು; ಚೀಟಿಯನ್ನು ಅದರೊಳಗೆ ಹಾಕಿದರೆ ಮುಗಿಯಿತು. ಅಕ್ಷರ ಬಾರದವರೂ ಉತ್ತರಿಸಬಹುದು. ಎದುರೆದುರು ಕೂತು ಕೇಳಿದಾಗ ಹೊರಬಾರದ ಸಂಗತಿಗಳು ಇಲ್ಲಿ ಹೆಚ್ಚು ಹೊರಬಂದವು. ಆದರೆ ಒಂದು ನಷ್ಟವೂ ಇದೆ. ಗುಂಪಿನ ಒಟ್ಟು ಲೆಕ್ಕ ಸಿಗುತ್ತದೆಯೇ ಹೊರತು, ಒಬ್ಬನ ಒಂದು ಉತ್ತರಕ್ಕೂ ಮತ್ತೊಂದು ಉತ್ತರಕ್ಕೂ ಇರುವ ಸಂಬಂಧ ತಿಳಿಯುವುದಿಲ್ಲ.

ಪರದೆ ಬಂದಾಗ

1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಟರ್ನರ್ ಮತ್ತು ಸಂಗಡಿಗರ ಪ್ರಬಂಧವೊಂದು ಪ್ರಕಟವಾಯಿತು. ಅಮೆರಿಕದ 15ರಿಂದ 19 ವರ್ಷದ ಹುಡುಗರನ್ನು ಲಾಟರಿಯಂತೆ ಎರಡು ಗುಂಪು ಮಾಡಿ, ಕೆಲವರಿಗೆ ಕಾಗದದ ಪ್ರಶ್ನಾವಳಿ ಕೊಟ್ಟರು. ಉಳಿದವರು ಹೆಡ್‌ಫೋನ್‌ನಲ್ಲಿ ಪ್ರಶ್ನೆ ಕೇಳಿ ಲ್ಯಾಪ್‌ಟಾಪಿನ ಕೀಲಿ ಒತ್ತಿ ಉತ್ತರಿಸಿದರು. ಹುಡುಗರೊಡನೆ ಲೈಂಗಿಕ ಸಂಪರ್ಕವಿತ್ತೇ ಎಂಬ ಪ್ರಶ್ನೆಗೆ ಕಾಗದದಲ್ಲಿ ಶೇ. 1.5ರಷ್ಟು ಮಂದಿ ಹೌದು ಎಂದರೆ, ಕಂಪ್ಯೂಟರಿನಲ್ಲಿ ಶೇ. 5.5ರಷ್ಟು ಮಂದಿ ಹೌದು ಎಂದರು. ಅದೇ ವಯಸ್ಸು, ಅದೇ ದೇಶ, ಅದೇ ಪ್ರಶ್ನೆ. ಬದಲಾದದ್ದು ಮಾಪಕ ಮಾತ್ರ! ಸಂದರ್ಶಕ ಪಕ್ಕದಲ್ಲೇ ಇದ್ದರೂ ಅವನಿಗೆ ಪ್ರಶ್ನೆಯೂ ಕೇಳಿಸದು, ಉತ್ತರವೂ ಕಾಣದು ಎಂಬ ಭರವಸೆ ಈ ವ್ಯತ್ಯಾಸ ತಂದಿತು.

ಹಾಗಾದರೆ ಕಂಪ್ಯೂಟರೇ ಸತ್ಯ ಹೊರಡಿಸುವ ಯಂತ್ರವೆ? ಹಾಗೆಂದು ತೀರ್ಮಾನಿಸುವಂತಿಲ್ಲ. ಬೆಂಗಳೂರಿನಲ್ಲಿ 2005ರಿಂದ 2009ರವರೆಗೆ ಎಳೆಯ ವಿವಾಹಿತ ಮಹಿಳೆಯರಲ್ಲಿ ನಡೆದ 'ಸಮತಾ' ಆರೋಗ್ಯ ಅಧ್ಯಯನದಲ್ಲಿ ಮನೆಯೊಳಗಿನ ಹಿಂಸೆಯ ಕುರಿತು ಎದುರೆದುರು ಕೇಳಿದಾಗ ಮತ್ತು ಕಂಪ್ಯೂಟರಿನಲ್ಲಿ ಕೇಳಿದಾಗ ಬಂದ ಅಂದಾಜುಗಳು ಒಂದಕ್ಕೊಂದು ಹೊಂದಲಿಲ್ಲ. ಕಂಪ್ಯೂಟರ್ ಅಪರಿಚಿತ ವಸ್ತುವಾಗಿರುವಲ್ಲಿ, ಸಹಾನುಭೂತಿಯಿಂದ ಕೇಳುವ ಮನುಷ್ಯರಿಗೂ ಬೆಲೆಯಿದೆ.

ಪಕ್ಕಪಕ್ಕದ ಎರಡು ಮಾಪಕಗಳು

ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮಗೆ ಹೆಚ್ಚು ಪಾಠ ಹೇಳುತ್ತದೆ. ಪ್ರೌಢಶಾಲಾ ವಿದ್ಯಾರ್ಥಿಗಳನ್ನು ನಾಲ್ಕು ಗುಂಪು ಮಾಡಲಾಯಿತು: ಶಾಲೆಯಲ್ಲಿ ಕಾಗದ, ಶಾಲೆಯಲ್ಲಿ ಕಂಪ್ಯೂಟರ್, ಮನೆಯಲ್ಲಿ ಕಾಗದ, ಮನೆಯಲ್ಲಿ ಕಂಪ್ಯೂಟರ್. ಕಾಗದವೋ ಕಂಪ್ಯೂಟರೋ ಎಂಬುದರಿಂದ ಕೆಲವೇ ಉತ್ತರಗಳಲ್ಲಿ ವ್ಯತ್ಯಾಸ ಕಂಡಿತು. ಶಾಲೆಯೋ ಮನೆಯೋ ಎಂಬುದರಿಂದ ಬಹಳಷ್ಟು ಉತ್ತರಗಳು ಬದಲಾದವು. ಮನೆಯಲ್ಲಿ ಉತ್ತರಿಸಿದವರು ಅಪಾಯಕಾರಿ ವರ್ತನೆಗಳನ್ನು ಕಡಿಮೆ ಒಪ್ಪಿಕೊಂಡರು. ಅಂದರೆ ಪರದೆಗಿಂತ ಮುಖ್ಯವಾದದ್ದು ಪರದೆಯ ಹಿಂದೆ ಯಾರು ನಿಂತಿದ್ದಾರೆ ಎಂಬುದು.

2008ರ ಇನ್ನೊಂದು ಪರೀಕ್ಷೆಯಲ್ಲಿ ಕೆಲವು ಮಕ್ಕಳಿಗೆ, 'ನಿಮ್ಮ ಬಿಡುವಿನ ವೇಳೆಯಲ್ಲಿ ಅಂತರಜಾಲದಲ್ಲಿ ತುಂಬಿ' ಎಂದು ಹೇಳಿ ಕಳುಹಿಸಲಾಯಿತು. ತುಂಬಿದವರು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ತರಗತಿಯಲ್ಲೇ ಕೂರಿಸಿ ತುಂಬಿಸಿದ ಗುಂಪುಗಳಲ್ಲಿ ಬಹುತೇಕ ಎಲ್ಲರೂ ಉತ್ತರಿಸಿದ್ದರು.

'ಮಾನಿಟರಿಂಗ್ ದ ಫ್ಯೂಚರ್' ಸಮೀಕ್ಷೆ 2019ರಲ್ಲಿ ನಮ್ಮ ತೋಟಗಾರನ ದಾರಿಯನ್ನೇ ಹಿಡಿಯಿತು. ಯಾದೃಚ್ಛಿಕವಾಗಿ ಆರಿಸಿದ ಅರ್ಧದಷ್ಟು ಶಾಲೆಗಳಲ್ಲಿ ಟ್ಯಾಬ್ಲೆಟ್, ಉಳಿದವುಗಳಲ್ಲಿ ಕಾಗದ. ವ್ಯತ್ಯಾಸ ಅಲ್ಪವೆಂದು ಖಚಿತವಾದ ಮೇಲೆಯೇ 44 ವರ್ಷಗಳ ಕಾಗದಕ್ಕೆ ವಿದಾಯ ಹೇಳಿತು.

ರಕ್ತ ಪರೀಕ್ಷೆಯೂ ಹೊರತಲ್ಲ

ಕೇಳಿ ಪಡೆದ ಉತ್ತರಕ್ಕೆ ಮಾತ್ರ ಈ ತೊಂದರೆ, ದೇಹದ ಅಳತೆಗೆ ಇಲ್ಲ ಎಂದು ಭಾವಿಸಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಿಂದ 2005-06ರವರೆಗೆ ಕಾಗದದಲ್ಲಿ ನಡೆದು, 2015-16ರ ನಾಲ್ಕನೇ ಸುತ್ತಿನಲ್ಲಿ ಪುಟ್ಟ ಕಂಪ್ಯೂಟರುಗಳಿಗೆ ಬದಲಾಯಿತು. ಕೊಡಗೂ ಸೇರಿದಂತೆ ಜಿಲ್ಲಾವಾರು ಅಂಕಿಗಳು ಈ ಸಮೀಕ್ಷೆಯಿಂದ ದೊರೆತದ್ದು ಅದೇ ಸುತ್ತಿನಿಂದ. ಆದರೆ ಅಲ್ಲಿ ಪ್ರಶ್ನೆ ಕೇಳುವವರು ಸಂದರ್ಶಕರೇ. 15 ವರ್ಷ ತುಂಬದವರನ್ನು ಕೇಳುವುದಿಲ್ಲ. ಬೆರಳ ತುದಿಯ ಹನಿ ರಕ್ತ ಪರೀಕ್ಷಿಸಿದ ಈ ಸುತ್ತು, ದೇಶದ 15-19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 54ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತು. ಅಭಿಧಮನಿಯಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ 10-19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 40 ಎಂದಿತು. ವಯೋಮಿತಿ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೆ ರಕ್ತ ತೆಗೆಯುವ ಬಗೆಯೂ ಅಂತರಕ್ಕೆ ಕಾರಣವೆಂಬ ಚರ್ಚೆ ತಜ್ಞರಲ್ಲಿ ನಡೆದೇ ಇದೆ. ಎರಡು ಸಮೀಕ್ಷೆಗಳ ಅಂಕಿಗಳನ್ನು ಪಕ್ಕದಲ್ಲಿಟ್ಟು 'ರಕ್ತಹೀನತೆ ಇಳಿಯಿತು' ಎಂದು ಸಂಭ್ರಮಿಸಿದರೆ, ಮಾಪಕ ಬದಲಿಸಿ ಮಳೆ ಇಳಿಯಿತು ಎಂದಂತೆಯೇ ಸರಿ.

ಕೊಡಗಿನಲ್ಲಿ ಆನ್‌ಲೈನ್

ಈಗ ನಮ್ಮ ಜಿಲ್ಲೆಗೆ ಬರೋಣ. ಒಂದು ಕೊಂಡಿಯನ್ನು ಮೊಬೈಲಿಗೆ ಕಳುಹಿಸಿ, ಜಿಲ್ಲೆಯ ಪ್ರೌಢಶಾಲಾ ಮಕ್ಕಳ ಆರೋಗ್ಯವನ್ನು ಒಂದೇ ವಾರದಲ್ಲಿ ಅಳೆಯಬಹುದು ಎಂದು ಯಾರಿಗಾದರೂ ಅನ್ನಿಸಬಹುದು. ಖರ್ಚು ಕಡಿಮೆ, ದತ್ತಾಂಶ ನಮೂದಿಸುವ ಶ್ರಮವಿಲ್ಲ, ಬಿಟ್ಟುಹೋದ ಪ್ರಶ್ನೆಯನ್ನು ಯಂತ್ರವೇ ನೆನಪಿಸುತ್ತದೆ. ಇವು ನಿಜವಾದ ಅನುಕೂಲಗಳೇ. ಆದರೆ ಉತ್ತರಿಸುವವರು ಯಾರು?

2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಿಕ್ಷಕರೊಬ್ಬರು ಆನ್‌ಲೈನ್ ಪಾಠಕ್ಕೆ ಸಂಕೇತ ಸಿಗದೆ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡದ್ದು ಸುದ್ದಿಯಾಗಿತ್ತು. ಶಿಕ್ಷಕರ ಸ್ಥಿತಿಯೇ ಹೀಗಿದ್ದರೆ, ತೋಟದ ಲೈನ್‌ಮನೆಯ ಮಗುವಿನ ಪಾಡೇನು? ಅಲ್ಲಿ ಮನೆಗೊಂದೇ ಮೊಬೈಲು, ಅದು ಹಗಲು ಹೊತ್ತು ಅಪ್ಪನ ಜೇಬಿನಲ್ಲಿ. ಸಂಜೆ ಅಣ್ಣನ ಕೈಯಲ್ಲಿ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಎಂದಾದರೂ ಅಂತರಜಾಲ ಬಳಸಿದ್ದ ಪುರುಷರು ಶೇ. 57, ಮಹಿಳೆಯರು ಶೇ. 33. ಆನ್‌ಲೈನ್ ಸಮೀಕ್ಷೆಯಿಂದ ಮೊದಲು ಬಿಟ್ಟುಹೋಗುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. ನಮ್ಮ ಒಂದೇ ತರಗತಿಯಲ್ಲಿ ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ನುಡಿ, ಜೇನುಕುರುಬರ ನುಡಿ ಎಂದು ಬೇರೆ ಬೇರೆ ಇರುವ ಮಕ್ಕಳಿರುತ್ತಾರೆ. 'ಖಿನ್ನತೆ' ಎಂಬ ಪುಸ್ತಕದ ಪದ ಇವರಲ್ಲಿ ಎಷ್ಟು ಮಂದಿಗೆ ಅರ್ಥವಾದೀತು? ಪರದೆಯ ನಿಜವಾದ ವರ ಇಲ್ಲಿದೆ. ಹೆಡ್‌ಫೋನ್‌ನಲ್ಲಿ ಪ್ರಶ್ನೆಯನ್ನು ಮನೆಮಾತಿನಲ್ಲೇ ಕೇಳಿಸಬಹುದು. ಕಾಗದಕ್ಕೆ ಇದು ಸಾಧ್ಯವಿಲ್ಲ. ಆದರೆ ಅದಕ್ಕೆ ಟ್ಯಾಬ್ಲೆಟ್ ಅನ್ನು ಶಾಲೆಗೇ ಒಯ್ಯಬೇಕು. ಮನೆಗೆ ಕೊಂಡಿ ಕಳುಹಿಸಿದರೆ ಆಗದು.

ಉತ್ತರಗಳ ಸಂಖ್ಯೆ ಹೆಚ್ಚಿದರೆ ದೋಷ ತಾನಾಗಿ ತೊಲಗುತ್ತದೆ ಎಂಬ ನಂಬಿಕೆಯೂ ತಪ್ಪು. ಸರಿಯಾಗಿ ಆರಿಸಿದ 1,000 ಮಂದಿಯ ಮಾದರಿಯಲ್ಲಿ ಯಾದೃಚ್ಛಿಕ ದೋಷ ಸುಮಾರು ಶೇ. 3ರಷ್ಟು ಆಚೀಚೆ, 1,00,000 ಮಂದಿಯಾದರೆ ಶೇ. 0.3. ಇದು ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ತಗ್ಗುತ್ತದೆ. ವ್ಯವಸ್ಥಿತ ದೋಷ ಮಾತ್ರ ಎಳ್ಳಷ್ಟೂ ತಗ್ಗುವುದಿಲ್ಲ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ದೂರವಾಣಿ ಮತ್ತು ಕಾರು ಉಳ್ಳವರ ಪಟ್ಟಿಗಳಿಂದ ಒಂದು ಕೋಟಿಯಷ್ಟು ಮಂದಿಗೆ ಪತ್ರ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್. ದೂರವಾಣಿ ಇಲ್ಲದವರ ಮತವನ್ನು ಅದು ಕೇಳಿರಲಿಲ್ಲ.

ತರಗತಿಯಲ್ಲೊಂದು ಪ್ರಯೋಗ

ಶಿಕ್ಷಕ ಮಿತ್ರರು ಖರ್ಚಿಲ್ಲದೆ ಮಾಡಬಹುದಾದ ಪ್ರಯೋಗವೊಂದನ್ನು ಸೂಚಿಸುತ್ತೇನೆ. ಇದರ ಮೂಲ 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಪ್ರಕಟಿಸಿದ ಉಪಾಯ. ಇಲ್ಲಿರುವುದು ಅದರ ಸರಳ ರೂಪ. 'ಇಂದು ನೀನು ತಿಂಡಿ ತಿನ್ನದೆ ಬಂದೆಯಾ?' ಎಂಬುದು ಪ್ರಶ್ನೆಯಾಗಿರಲಿ. ಪ್ರತಿ ವಿದ್ಯಾರ್ಥಿಯೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ, ನಿಜ ಏನೇ ಇರಲಿ, 'ಹೌದು' ಎಂದು ಬರೆಯಬೇಕು. ಹೂ ಬಿದ್ದರೆ ನಿಜವನ್ನೇ ಬರೆಯಬೇಕು. 200 ವಿದ್ಯಾರ್ಥಿಗಳಲ್ಲಿ 116 'ಹೌದು' ಬಂದವೆನ್ನಿ. ತಲೆ ಬಿದ್ದು ಹೌದು ಎಂದವರು ಸುಮಾರು 100. ಉಳಿದ 100 ಮಂದಿಯಲ್ಲಿ 16 ಮಂದಿ ನಿಜವಾಗಿ ತಿಂಡಿ ತಿನ್ನದವರು. ಅಂದರೆ ಶೇ. 16. ಯಾವ ಒಂದು ಹಾಳೆಯನ್ನು ನೋಡಿದರೂ ಆ ಮಗು ಹಸಿದಿತ್ತೋ ನಾಣ್ಯದ ತಲೆ ಬಿದ್ದಿತ್ತೋ ಎಂದು ಯಾರೂ ಹೇಳಲಾರರು! ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನೇರ ಉತ್ತರದಲ್ಲಿ ಶೇ. 2.6 ಇರುವ ಮಾನಕ ದೋಷ ಇಲ್ಲಿ ಸುಮಾರು ಶೇ. 7ಕ್ಕೆ ಏರುತ್ತದೆ. ವ್ಯವಸ್ಥಿತ ದೋಷವನ್ನು ಕಳೆದುಕೊಳ್ಳಲು ಯಾದೃಚ್ಛಿಕ ದೋಷವನ್ನು ನಾವೇ ಬೆರೆಸಿಕೊಂಡಂತಾಯಿತು. ಕಾರಣವನ್ನು ಲೆಕ್ಕ ಹಾಕಿ ತೋರಿಸುವುದು ಪಿಯುಸಿ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಕಾಗದ ಮೇಲೋ, ಪರದೆ ಮೇಲೋ ಎಂಬ ಪ್ರಶ್ನೆಗೆ ಇತಿಹಾಸ ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಅದು ಕಲಿಸುವುದು ಮೂರು ಸಂಗತಿಗಳನ್ನು. ಮಾಪಕವನ್ನು ಬದಲಿಸುವ ಮುನ್ನ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮಗು ಎಲ್ಲಿ ಕೂತು, ಯಾರೆದುರು ಉತ್ತರಿಸುತ್ತದೆ ಎಂಬುದು ಸಾಧನಕ್ಕಿಂತ ಮುಖ್ಯ. ಸಮೀಕ್ಷೆಗೆ ಸಿಗದ ಮಕ್ಕಳನ್ನು ಲೆಕ್ಕದಿಂದ ಬಿಡಬಾರದು, ಅವರೇ ಹಸಿದವರಾಗಿರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳು ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಕೇಳುತ್ತವೆ. ಕೇಳುವವರನ್ನು ನಂಬಿದರೆ ಮಾತ್ರ ಮಗು ಆ ಸಮ್ಮತಿಯನ್ನು ಮನಸಾರೆ ಕೊಡುತ್ತದೆ.

ನಮ್ಮ ಶಿಬಿರದ ಆ ವರದಿ ಈಗಲೂ ನನ್ನ ಬೀರುವಿನಲ್ಲಿದೆ. ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಅಳತೆಯ ದೋಷಗಳ ಪಾಠ ಆರಂಭಿಸುವ ದಿನ, ವರ್ನಿಯರ್ ಜೊತೆಗೆ ಅದನ್ನೂ ಮೇಜಿನ ಮೇಲಿಡುತ್ತೇನೆ.